ಐದು ಕೆಲಸದ ಯಂತ್ರ, ಒಂದು ಪುಟ್ಟ ತಿರುಪು

ಗರಗಸ, ಲೇತ್, ಮರ ಉಜ್ಜುವ ತಟ್ಟೆ, ನೇರ ಬೈರಿಗೆ, ಅಡ್ಡ ಬೈರಿಗೆ. ಬಡಗಿಗೆ ಬೇಕಾದ ಈ ಐದೂ ಒಂದೇ ಮೋಟಾರಿನಿಂದ ನಡೆದರೆ ಎಷ್ಟು ಅನುಕೂಲ! 1940ರ ದಶಕದ ಕೊನೆಗೆ ಅಮೆರಿಕದ ಮಾರುಕಟ್ಟೆಗೆ ಬಂದ 'ಶಾಪ್‌ಸ್ಮಿತ್' ಅಂಥ ಯಂತ್ರ. ಜರ್ಮನಿಯಿಂದ ವಲಸೆ ಹೋಗಿದ್ದ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಅದರ ನಿರ್ಮಾತೃ. ಅರ್ಧ ಶತಮಾನ ದಾಟಿದ ಈ ಯಂತ್ರಗಳನ್ನು ಹವ್ಯಾಸಿಗಳು ಇಂದಿಗೂ ದುರಸ್ತಿ ಮಾಡಿ ಬಳಸುತ್ತಾರೆ.

ಆದರೆ ಅನುಕೂಲದ ಜೊತೆಗೇ ಅಪಾಯವೂ ಇದೆ. ಕೆಲಸ ಬದಲಾದಾಗಲೆಲ್ಲ ಭಾಗಗಳನ್ನು ಸರಿಸಿ ಮತ್ತೆ ಬಿಗಿಯಬೇಕು. ಬಿಗಿಯುವ ಜಾಗಗಳು ಹೆಚ್ಚಾದಷ್ಟೂ ಸಡಿಲವಾಗುವ ಜಾಗಗಳೂ ಹೆಚ್ಚು.

ಕ್ಯಾಲಿಫೋರ್ನಿಯದ ವಿಲಿಯಂ ಗ್ರೀನ್‌ಮನ್ ಅವರಿಗೆ 1955ರ ಕ್ರಿಸ್‌ಮಸ್‌ಗೆ ಪತ್ನಿ ಕೊಟ್ಟ ಉಡುಗೊರೆ ಶಾಪ್‌ಸ್ಮಿತ್. 1957ರಲ್ಲಿ ಅವರು ಲೇತ್ ಭಾಗಗಳನ್ನು ಕೊಂಡು ದೊಡ್ಡ ಮರದ ತುಂಡೊಂದನ್ನು ಕಡೆಯುತ್ತಿದ್ದಾಗ, ಅದು ಹಾರಿ ಬಂದು ಹಣೆಗೆ ಬಡಿಯಿತು. ಭಾಗಗಳನ್ನು ಹಿಡಿದಿದ್ದ ಸೆಟ್ ಸ್ಕ್ರೂಗಳು ಸಾಲದ್ದರಿಂದ, ಸಾಮಾನ್ಯ ಕಂಪನಕ್ಕೇ ಮರದ ಕೊನೆಯನ್ನು ಆನಿಸುವ ಭಾಗ ಹಿಂದೆ ಸರಿದಿತ್ತು ಎಂದು ತಜ್ಞರು ಸಾಕ್ಷ್ಯ ನುಡಿದರು. 65,000 ಡಾಲರ್ ಪರಿಹಾರವನ್ನು ರಾಜ್ಯದ ಸುಪ್ರೀಂ ಕೋರ್ಟ್ 1963ರಲ್ಲಿ ಎತ್ತಿಹಿಡಿಯಿತು. ದೋಷವಿರುವ ವಸ್ತುವಿನಿಂದಾದ ಗಾಯಕ್ಕೆ ತಯಾರಕನೇ ಹೊಣೆ ಎಂಬ ಈ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಸೆಟ್ ಸ್ಕ್ರೂ ಎಂದರೆ ತಲೆಯಿಲ್ಲದ ಪುಟ್ಟ ತಿರುಪು. ಅದರ ತುದಿ ಒತ್ತಿಕೊಂಡಿರುವುದರಿಂದಲೇ ಭಾಗ ನಿಲ್ಲುತ್ತದೆ. ತುದಿ ಸವೆದಿದ್ದರೆ ಎಷ್ಟು ತಿರುಗಿಸಿದರೂ ಹಿಡಿತ ಬಾರದು; ಬದಲಿಸುವುದೇ ದಾರಿ. ಹಳೆಯ ಯಂತ್ರ ಮನೆಗೆ ಬಂದರೆ ಮೊದಲು ಪ್ಲಗ್ ಕಿತ್ತು, ಇಂಥ ತಿರುಪುಗಳನ್ನೆಲ್ಲ ಪರೀಕ್ಷಿಸಬೇಕು. ಭಾಗಗಳು ಜಾರುವ ಕೊಳವೆಗಳ ತುಕ್ಕನ್ನು ನಯವಾದ ಉಪ್ಪುಕಾಗದದಿಂದ ತೆಗೆದು ಮೇಣ ಉಜ್ಜಬೇಕು. ಎಣ್ಣೆ ಸವರಿದರೆ ಮರದ ಹೊಟ್ಟು ಅಂಟಿ ಜಾರುವಿಕೆ ಕೆಡುತ್ತದೆ. 'ಮಾರ್ಕ್ 5' ಮಾದರಿಯಲ್ಲಿ ವೇಗದ ಡಯಲನ್ನು ಮೋಟಾರು ಓಡುತ್ತಿರುವಾಗ ಮಾತ್ರ ತಿರುಗಿಸಬೇಕು. ನಿಂತಾಗ ತಿರುಗಿಸಿದರೆ ಒಳಗಿನ ಭಾಗಗಳಿಗೆ ಪೆಟ್ಟು.

ಮಾರ್ಪಾಡು ಮಾಡಬಾರದೆ? ಖಂಡಿತ ಮಾಡಬಹುದು. 'ಮಾರ್ಕ್ 5'ರಲ್ಲಿ ಒಂದೇ ಬೇರಿಂಗ್ ಇರುವ ಹಳೆಯ ಕ್ವಿಲ್ ತೆಗೆದು ಎರಡು ಬೇರಿಂಗ್‌ಗಳದ್ದನ್ನು ಕೂರಿಸಿದರೆ ತಿರುಗುವ ದಂಡಕ್ಕೆ ಹೆಚ್ಚಿನ ಆಧಾರ ಸಿಗುತ್ತದೆ. ಆದರೆ ಅಡ್ಡಿಯೆಂದು ಗರಗಸದ ರಕ್ಷಾಕವಚ ಕಿತ್ತುಹಾಕುವುದು ಸುಧಾರಣೆಯಲ್ಲ, ಅಪಾಯಕ್ಕೆ ಆಹ್ವಾನ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಉತ್ಪನ್ನದ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವಿದೆ. ಹಾನಿಯಾದ ವೇಳೆ ವಸ್ತುವನ್ನು ಮಾರ್ಪಡಿಸಲಾಗಿದ್ದರೆ ಮಾರಾಟಗಾರನ ಮೇಲೆ ಈ ದಾವೆ ಹೂಡಲಾಗದು ಎಂದೂ ಅದು ಹೇಳುತ್ತದೆ. ಯಂತ್ರ ಬಿಚ್ಚಿ ಜೋಡಿಸುವ ಆಸೆ ಮಕ್ಕಳಿಗಿದ್ದರೆ ತಂದೆ ತಾಯಂದಿರು ತಡೆಯಬೇಕಿಲ್ಲ. ಜೊತೆಗೆ ನಿಂತು, ಬಿಚ್ಚಿದ ತಿರುಪು ಯಾವುದನ್ನು ಹಿಡಿದಿತ್ತು ಎಂದು ಕೇಳಲಿ. ಉತ್ತರ ತಿಳಿದ ಮೇಲೆ ಪ್ಲಗ್ ಹಾಕಿದರೆ ಸಾಕು.