ಗುಂಡು ತೂರಿದ ಸಮವಸ್ತ್ರ, ಮೂರೂವರೆ ವರ್ಷ ಕಾಯ್ದ ಗುಟ್ಟು: ಯಾರು ಈ ನರ್ಸ್ ವಿವಿಯನ್?

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ನರ್ಸ್ ಒಬ್ಬರ ಹಳೇ ಸಮವಸ್ತ್ರ ಇದೆ. ಸೊಂಟದ ಹತ್ತಿರ ಗುಂಡು ತೂರಿದ ತೂತು. ಅದು ಸೇನಾ ನರ್ಸ್ ವಿವಿಯನ್ ಬುಲ್ವಿಂಕಲ್ ಅವರದ್ದು. ಆ ತೂತು ಯಾರ ಕಣ್ಣಿಗೂ ಬೀಳದಂತೆ ಅವರು ನೋಡಿಕೊಳ್ಳಬೇಕಾಗಿತ್ತು. ಯಾಕೆ ಗೊತ್ತಾ?

ಎರಡನೇ ಮಹಾಯುದ್ಧದ ಹೊತ್ತು. ಜಪಾನ್ ಸೇನೆ ಸಿಂಗಾಪುರಕ್ಕೆ ನುಗ್ಗಿತ್ತು. 1942ರ ಫೆಬ್ರವರಿ 12ರಂದು 65 ಆಸ್ಟ್ರೇಲಿಯನ್ ನರ್ಸ್‌ಗಳು ‘ವೈನರ್ ಬ್ರೂಕ್’ ಹಡಗು ಹತ್ತಿ ಅಲ್ಲಿಂದ ಹೊರಟರು. ಎರಡೇ ದಿನಕ್ಕೆ ಜಪಾನ್ ವಿಮಾನಗಳು ಬಾಂಬ್ ಹಾಕಿ ಹಡಗು ಮುಳುಗಿಸಿದವು. 12 ನರ್ಸ್‌ಗಳು ಸಮುದ್ರದ ಪಾಲಾದರು. ವಿವಿಯನ್ ಸೇರಿ 22 ಮಂದಿ ಈಗಿನ ಇಂಡೋನೇಷ್ಯಾದ ಬಾಂಕಾ ದ್ವೀಪದ ದಡವೊಂದನ್ನು ಸೇರಿಕೊಂಡರು.

ಶರಣಾಗೋದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಜೊತೆಗಿದ್ದ ಹೆಂಗಸರು, ಮಕ್ಕಳು ಹತ್ತಿರದ ಊರಿನ ಕಡೆ ನಡೆದು ಹೊರಟರು. ನರ್ಸ್‌ಗಳೂ ಹೋಗಬಹುದಿತ್ತು. ಆದರೆ ಗಾಯಾಳುಗಳನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಾಗಲಿಲ್ಲ.

ಫೆಬ್ರವರಿ 16ರಂದು ಜಪಾನ್ ಸೈನಿಕರು ಬಂದರು. ನರ್ಸ್‌ಗಳ ತೋಳಲ್ಲಿ ರೆಡ್‌ಕ್ರಾಸ್ ಪಟ್ಟಿ ಇತ್ತು. ಆ ಪಟ್ಟಿ ಇದ್ದವರ ಮೇಲೆ ಕೈ ಮಾಡಬಾರದು ಅನ್ನೋದು ಯುದ್ಧದ ನಿಯಮ. ಯಾವ ನಿಯಮವೂ ಅವರನ್ನು ಉಳಿಸಲಿಲ್ಲ. ಸಾಲಾಗಿ ಸಮುದ್ರಕ್ಕೆ ಇಳಿಸಿ, ಹಿಂದಿನಿಂದ ಮೆಷಿನ್‌ಗನ್ ಹಾರಿಸಿದರು. 21 ನರ್ಸ್‌ಗಳು ಸತ್ತರು. ಸೊಂಟದ ಮೇಲೆ ಗುಂಡು ತೂರಿ ಹೋಗಿದ್ದ 26 ವರ್ಷದ ವಿವಿಯನ್ ಸತ್ತಂತೆ ನೀರಲ್ಲಿ ತೇಲುತ್ತಾ ಉಳಿದುಕೊಂಡರು.

ಆಮೇಲೂ ಅವರು ನರ್ಸ್ ಕೆಲಸ ಬಿಡಲಿಲ್ಲ. ಗಾಯಗೊಂಡಿದ್ದ ಬ್ರಿಟಿಷ್ ಸೈನಿಕ ಕಿಂಗ್ಸ್‌ಲಿ ಅವರನ್ನು ಕಾಡಿನಲ್ಲಿ ಹನ್ನೆರಡು ದಿನ ನೋಡಿಕೊಂಡರು. ಊರಿನ ಹೆಂಗಸರು ಕದ್ದುಮುಚ್ಚಿ ಊಟ ಕೊಟ್ಟರು. ಕೊನೆಗೆ ಇಬ್ಬರೂ ಶರಣಾದರು. ಸ್ವಲ್ಪ ದಿನದಲ್ಲೇ ಕಿಂಗ್ಸ್‌ಲಿ ತೀರಿಕೊಂಡರು.

ಗುಟ್ಟಿನ ವಿಷಯಕ್ಕೆ ಬರೋಣ. ಹತ್ಯೆ ಕಣ್ಣಾರೆ ಕಂಡ ನರ್ಸ್ ಬದುಕಿದ್ದಾಳೆ ಅಂತ ಗೊತ್ತಾದರೆ ಅವರನ್ನೂ, ವಿಷಯ ತಿಳಿದ ಉಳಿದ ನರ್ಸ್‌ಗಳನ್ನೂ ಸೈನಿಕರು ಬಿಡುತ್ತಿರಲಿಲ್ಲ. ಹಾಗಾಗಿ ನೀರಿನ ಬಾಟಲಿಯನ್ನು ತೂತಿನ ಮೇಲೆ ಬರುವಂತೆ ನೇತುಹಾಕಿಕೊಂಡೇ ವಿವಿಯನ್ ಶರಣಾಗಿದ್ದರು. ಸೆರೆಯಲ್ಲಿದ್ದ ಮೂರೂವರೆ ವರ್ಷ ಯಾರೂ ಬಾಯಿ ಬಿಡಲಿಲ್ಲ. ಹಸಿವು, ಕಾಯಿಲೆಗೆ ಇನ್ನೂ 8 ನರ್ಸ್‌ಗಳು ಬಲಿಯಾದರು. ಹೊರಟ 65 ಮಂದಿಯಲ್ಲಿ ಮನೆ ಸೇರಿದ್ದು 24 ಮಾತ್ರ.

ಕಾದಿಟ್ಟ ಆ ಮಾತು ಯುದ್ಧ ಮುಗಿದ ಮೇಲೆ ಹೊರಬಂತು. 1946ರಲ್ಲಿ ಟೋಕಿಯೊದ ಯುದ್ಧಾಪರಾಧ ನ್ಯಾಯಮಂಡಳಿ ಮುಂದೆ ನಿಂತು ವಿವಿಯನ್ ಸಾಕ್ಷಿ ಹೇಳಿದರು. ಮುಂದೆ ಮೆಲ್ಬರ್ನ್‌ನ ಫೇರ್‌ಫೀಲ್ಡ್ ಸಾಂಕ್ರಾಮಿಕ ರೋಗ ಆಸ್ಪತ್ರೆಯಲ್ಲಿ ನರ್ಸ್‌ಗಳ ಮುಖ್ಯಸ್ಥೆಯಾಗಿ ದುಡಿದರು. 2000ದಲ್ಲಿ ತೀರಿಕೊಂಡರು.

2023ರಲ್ಲಿ ಯುದ್ಧ ಸ್ಮಾರಕದ ಆವರಣದಲ್ಲಿ ಅವರ ಪ್ರತಿಮೆ ನಿಂತಿದೆ. ಅದರ ಬುಡದಲ್ಲಿ 22 ಉಕ್ಕಿನ ಬಿಲ್ಲೆಗಳಿವೆ. ಒಂದು ಅವರಿಗೆ, ಉಳಿದ 21 ದಡದಲ್ಲೇ ಉಳಿದ ಗೆಳತಿಯರಿಗೆ.