ಸ್ವರದ ಹಾಳೆಯ ಮೇಲೆ ನಾಲ್ಕು ಮುಖ

ಪಿಯಾನೋ ಮೇಲೆ ಆನಿಸಿಟ್ಟು ನುಡಿಸಲೆಂದು ಅಚ್ಚಾದ ಮಡಿಕೆ ಹಾಳೆ. ಒಳಗೆ ಐದು ಗೆರೆಗಳ ಸ್ವರಲಿಪಿ, ಅದರ ಕೆಳಗೆ ಸಾಹಿತ್ಯ. ಹೊರಗೆ ಹಣೆ ಮುಚ್ಚುವಷ್ಟು ಕೂದಲು ಬಿಟ್ಟ ನಾಲ್ವರು ಹುಡುಗರು, ಹಾಡಿನ ಹೆಸರು, ಬೆಲೆ. 1963ರ ಹೊತ್ತಿಗೆ ಬ್ರಿಟನ್ನಿನ ಸಂಗೀತದ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಬೀಟಲ್ಸ್ ಹಾಡುಗಳ ಇಂಥ ಹಾಳೆಗಳು ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿವೆ. ರಾಜರಾಣಿಯರ ತೈಲಚಿತ್ರಗಳಿರುವ ಮನೆಗೆ ಇವು ಹೇಗೆ ಬಂದವು?

ಸ್ವರವನ್ನೂ ಚಿತ್ರವನ್ನೂ ಹತ್ತಿರ ತಂದದ್ದು ಒಂದು ಕಲ್ಲು. ಮ್ಯೂನಿಕ್‌ನ ನಾಟಕಕಾರ ಅಲೋಯ್ಸ್ ಸೆನೆಫೆಲ್ಡರ್ 18ನೇ ಶತಮಾನದ ಕೊನೆಯಲ್ಲಿ ಸುಣ್ಣಕಲ್ಲಿನಿಂದ ಅಚ್ಚು ತೆಗೆಯುವ ಲಿಥೋಗ್ರಫಿಯನ್ನು ರೂಪಿಸಿದ. ಅವನ ಆರಂಭದ ಕೆಲಸಗಳಲ್ಲೇ ಸ್ವರಲಿಪಿ ಇತ್ತು. ಸ್ವರ ಮೂಡಿಸುವ ಕಲ್ಲಿಗೆ ಮುಖ ಮೂಡಿಸುವುದೇನು ದೊಡ್ಡ ಕೆಲಸ? ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಆಲ್ಫ್ರೆಡ್ ಕಾನ್ಕನೆನ್ ಮ್ಯೂಸಿಕ್ ಹಾಲ್ ಎಂಬ ಮನರಂಜನೆಯ ರಂಗಮಂದಿರಗಳ ಗಾಯಕರನ್ನು ಬಣ್ಣಬಣ್ಣವಾಗಿ ಸ್ವರದ ಹಾಳೆಯ ಮುಖಪುಟಕ್ಕೆ ತಂದ. ಆಮೇಲೆ ಫೋಟೋ ಬಂತು.

ಆಗಲೂ ಮುಖಕ್ಕೆ ಸಿಕ್ಕುತ್ತಿದ್ದುದು ಹೆಚ್ಚಾಗಿ ಸಣ್ಣ ಜಾಗ. ಹಾಡು ಪ್ರಕಾಶಕನ ಆಸ್ತಿ. ಇವತ್ತು ಒಬ್ಬರು ಹಾಡುತ್ತಾರೆ, ನಾಳೆ ಇನ್ನೊಬ್ಬರು. ಹಾಗಾಗಿ ಮುಖಪುಟದ ವಿನ್ಯಾಸವನ್ನು ಹಾಗೇ ಇಟ್ಟುಕೊಂಡು, ನಡುವಿನ ಪುಟ್ಟ ಚೌಕಟ್ಟಿನಲ್ಲಿ ಗಾಯಕರ ಫೋಟೋ ಮಾತ್ರ ಬದಲಿಸಿ ಅಚ್ಚು ಹಾಕುತ್ತಿದ್ದರು. ಅದೇ ಹಾಡು, ಅದೇ ಹೂಬಳ್ಳಿ, ಬೇರೆ ಮುಖ. ಬೀಟಲ್ಸ್ ತಾವೇ ಬರೆದು ತಾವೇ ಹಾಡಿದರು. ಹಾಡನ್ನೂ ಹಾಡಿದವರನ್ನೂ ಬೇರೆ ಮಾಡುವುದು ಕಷ್ಟವಾಯಿತು. ಆ ಪುಟ್ಟ ಚೌಕಟ್ಟು ಒಡೆದು ಮುಖ ಪುಟದ ತುಂಬ ಹರಡಿದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

1963ರಲ್ಲಿ ಪ್ರಕಾಶಕ ಡಿಕ್ ಜೇಮ್ಸ್, ಬೀಟಲ್ಸ್ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಜೊತೆಗೂಡಿ, ತಂಡಕ್ಕೆ ಹಾಡು ಕಟ್ಟುತ್ತಿದ್ದ ಲೆನನ್-ಮೆಕಾರ್ಟ್ನಿ ಜೋಡಿಯ ಹಾಡುಗಳಿಗಾಗಿಯೇ ನಾರ್ದರ್ನ್ ಸಾಂಗ್ಸ್ ಕಂಪನಿ ಕಟ್ಟಿದ. ಹಾಡು ಕಟ್ಟಿದ ಆ ಇಬ್ಬರಿಗೂ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ರೆಕಾರ್ಡು ಕೇಳಿ ಕೇಳಿ ಬೇರೆ ಯಾರೋ ಸ್ವರ ಇಳಿಸಬೇಕಿತ್ತು. ಪಾಲ್ ಮೆಕಾರ್ಟ್ನಿ ಮನೆಯಲ್ಲಿ ಪಿಯಾನೋ ಏನೋ ಇತ್ತು. ಅಪ್ಪ ಜಿಮ್ ಕಿವಿಯಿಂದಲೇ ಕಲಿತು ನುಡಿಸುತ್ತಿದ್ದವರು. ಆ ಪಿಯಾನೋ ಬಂದದ್ದು ಎಪ್‌ಸ್ಟೀನ್ ಕುಟುಂಬದ ಅಂಗಡಿಯಿಂದಲೇ! ಹಾಡು ಕಟ್ಟಿದವರಿಗೆ ಬೇಡವಾಗಿದ್ದ ಹಾಳೆ, ಮನೆಯಲ್ಲಿ ಕೂತು ಅದನ್ನು ನುಡಿಸಬೇಕೆಂದಿದ್ದ ಹುಡುಗ ಹುಡುಗಿಯರಿಗೆ ಬೇಕಿತ್ತು. ಹಾಡು ಕಲಿಯಲು ಕೊಂಡವರಿಗೆ ಮೆಚ್ಚಿನ ಮುಖಗಳೂ ಮನೆಗೆ ಬರುತ್ತಿದ್ದವು.

ಅಷ್ಟರಲ್ಲಿ ಈ ವ್ಯಾಪಾರದ ದೊಡ್ಡ ದಿನಗಳು ಮುಗಿಯುತ್ತಿದ್ದವು. ಒಂದು ಕಾಲಕ್ಕೆ ಹಾಡಿನ ಜನಪ್ರಿಯತೆಯನ್ನು ಹಾಳೆಗಳ ಮಾರಾಟದಿಂದ ಅಳೆಯುತ್ತಿದ್ದ ಬ್ರಿಟನ್ನಿನಲ್ಲಿ 1952ರ ನವೆಂಬರಿನಲ್ಲೇ ರೆಕಾರ್ಡುಗಳ ಮಾರಾಟದ ಪಟ್ಟಿ ಶುರುವಾಗಿತ್ತು.

ಇನ್ನು ಈ ಹಾಳೆಗಳು ಸೇರಿದ ಮನೆಯ ಮಾತು. 1856ರಲ್ಲಿ ಸ್ಥಾಪನೆಯಾದ ಪೋರ್ಟ್ರೇಟ್ ಗ್ಯಾಲರಿಯಲ್ಲಿ 1969ರವರೆಗೆ, ರಾಜಮನೆತನ ಬಿಟ್ಟರೆ, ಬದುಕಿದ್ದವರ ಭಾವಚಿತ್ರಕ್ಕೆ ಖಾಯಂ ಸಂಗ್ರಹದ ಬಾಗಿಲು ಮುಚ್ಚಿತ್ತು. ಆ ನಿಯಮ ಸಡಿಲವಾದ ನಾಲ್ಕು ದಶಕದ ಮೇಲೆ, 2009ರಲ್ಲಿ, 'ಬೀಟಲ್ಸ್ ಟು ಬೋವಿ' ಎಂಬ ಪ್ರದರ್ಶನ ಅಲ್ಲೇ ನಡೆಯಿತು. ಹೆಸರಾಂತ ಛಾಯಾಗ್ರಾಹಕರ ಚಿತ್ರಗಳ ಜೊತೆಗೆ ರೆಕಾರ್ಡಿನ ಕವರು, ಪತ್ರಿಕೆ, ಸ್ವರದ ಹಾಳೆಗಳಿಗೂ ಅಲ್ಲಿ ಜಾಗ ಸಿಕ್ಕಿತು. ಅದು ಸಿಗಲೇಬೇಕಿತ್ತು. ಸ್ಟುಡಿಯೋ ಫೋಟೋದ ಮೂಲ ಪ್ರತಿಯನ್ನು ನೋಡಿದವರೆಷ್ಟು ಮಂದಿ? ಜನ ಕಂಡದ್ದು, ಮುಟ್ಟಿದ್ದು ಈ ಅಗ್ಗದ ಅಚ್ಚನ್ನು.

ಬಳಸಿದ ಹಳೆಯ ಹಾಳೆ ಕೈಗೆ ಸಿಕ್ಕರೆ ಮುಖಪುಟ ನೋಡಿ ಇಟ್ಟುಬಿಡಬೇಡಿ, ಬಿಡಿಸಿ ನೋಡಿ. ಕೆಲವದರಲ್ಲಿ ಯಾವ ಸ್ವರಕ್ಕೆ ಯಾವ ಬೆರಳು ಎಂದು ಪೆನ್ಸಿಲ್ಲಿನಲ್ಲಿ ಬರೆದ 1, 2, 3 ಇನ್ನೂ ಮಾಸಿರುವುದಿಲ್ಲ.