ಪಾತ್ರೆ ತಿಕ್ಕೋ ಸ್ಪಂಜು ಮತ್ತು ಒಂದು ಹಳೇ ನಾದ

ಮನೆಯಲ್ಲಿ ಹೊಸ ಸ್ಪಂಜು ಕಾಣೆಯಾದರೆ ಅಮ್ಮ ಈಗ ನೇರ ನನ್ನ ರೂಮಿಗೇ ಬರ್ತಾರೆ. ‘ಪಾತ್ರೆ ತಿಕ್ಕೋಕೆ ಇಟ್ಟಿದ್ದನ್ನೂ ಗಿಟಾರಿಗೆ ತುರುಕಿದ್ಯೇನೋ?’ ತುರುಕಿದ್ದೆ, ನಿಜ.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಕಾಲೇಜು ದಿನಗಳಿಂದ ಬೇಸ್ ಗಿಟಾರ್ ನುಡಿಸುತ್ತೇನೆ. ನಾಲ್ಕು ದಪ್ಪ ತಂತಿಗಳ, ತಗ್ಗು ಸ್ವರದ ವಾದ್ಯ ಅದು. ಹಾಡಿನಲ್ಲಿ ಅದು ಇದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ತೆಗೆದುಬಿಟ್ಟರೆ ಮಾತ್ರ ಉಪ್ಪಿಲ್ಲದ ಸಾರಿನ ಹಾಗೆ.

ನನಗೆ ಹುಚ್ಚು ಹಿಡಿಸಿದ್ದು ಅಮೆರಿಕದ ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್. 1960ರ ದಶಕದ ಮೋಟೌನ್ ಕಂಪನಿಯ ಹಾಡುಗಳಲ್ಲಿ ಬೇಸ್ ನುಡಿಸಿದವರು. ಒಂದು ಮನೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ ಜಾಗ. ಇಕ್ಕಟ್ಟಾದ ಆ ಕೋಣೆಗೆ ಕಲಾವಿದರು ‘ಹಾವಿನ ಗುಂಡಿ’ ಅಂತಲೇ ಹೆಸರಿಟ್ಟಿದ್ದರು. ಜೇಮರ್ಸನ್ ಕೈಯಲ್ಲಿದ್ದದ್ದು 1962ರ ಫೆಂಡರ್ ಪ್ರಿಸಿಷನ್ ಬೇಸ್. ತಂತಿ ಮೀಟಲು ಒಂದೇ ತೋರುಬೆರಳು. ಆಗಿನ ಎಷ್ಟೋ ರೆಕಾರ್ಡುಗಳ ಮೇಲೆ ಅವರ ಹೆಸರೇ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ಮಿನಲ್ಲಿ ಅಚ್ಚಾಯಿತು. ತೆರೆಯ ಹಿಂದೆ ಓಡುವ ಕೋಡ್ ಬರೆಯುವ ನನಗೆ ಈ ಸಂಗತಿ ಸ್ವಲ್ಪ ಹೆಚ್ಚೇ ನಾಟಿತು.

ಆ ನಾದ ದುಂಡಗೆ, ಮೆತ್ತಗೆ, ಎದೆಗೆ ತಾಗುವ ಹಾಗೆ ಇರುತ್ತೆ. ಅದನ್ನು ಹಿಡಿಯೋಕೆ ಮೊದಲು ಸಾಫ್ಟ್‌ವೇರಿನ ಮೊರೆ ಹೋದೆ. ಹಳೇ ಟೇಪು, ಹಳೇ ವಾಲ್ವು ಎಲ್ಲದರ ನಕಲೂ ಲ್ಯಾಪ್‌ಟಾಪಿನಲ್ಲಿ ಸಿಗುತ್ತೆ. ಮೂರು ತಿಂಗಳು ಗುಂಡಿ ತಿರುಗಿಸಿದ್ದೇ ಬಂತು.

ಆಮೇಲೆ ಬುಡದಿಂದ ಶುರು ಮಾಡಿದೆ. ಸಾಮಾನ್ಯ ಬೇಸ್ ತಂತಿಗೆ ದುಂಡನೆಯ ಸರಿಗೆ ಸುತ್ತಿರುತ್ತಾರೆ, ಬೆರಳಾಡಿಸಿದರೆ ಕಿರ್ ಅನ್ನುತ್ತೆ. ಜೇಮರ್ಸನ್ ಬಳಸಿದ್ದು ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ. ಹಾಳಾಗದ ಹೊರತು ಅದನ್ನು ಬದಲಿಸುತ್ತಲೂ ಇರಲಿಲ್ಲವಂತೆ. ತಂತಿಗಳ ಕೊನೆಯಲ್ಲಿ, ಬ್ರಿಡ್ಜಿನ ಮುಚ್ಚಳದಡಿ ಸ್ಪಂಜು. ಅದು ಚೂಪಾದ ಮೇಲು ಸ್ವರಗಳನ್ನು ನುಂಗಿ, ನಾದ ಬೇಗ ನಿಲ್ಲುವ ಹಾಗೆ ಮಾಡುತ್ತೆ. ಸ್ಪೀಕರ್ ಮುಂದೆ ಮೈಕ್ ಇಡದೆ ಗಿಟಾರಿನ ವೈರನ್ನು ನೇರ ರೆಕಾರ್ಡಿಂಗ್ ಕನ್ಸೋಲಿಗೇ ಕೊಡುತ್ತಿದ್ದರು. ನಾನೂ ತಂತಿ ಬದಲಿಸಿದೆ, ಸ್ಪಂಜು ಕತ್ತರಿಸಿ ತುರುಕಿದೆ, ನೇರ ಇಂಟರ್‌ಫೇಸಿಗೆ ಸಿಕ್ಕಿಸಿದೆ.

ಆ ಭಾನುವಾರ ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಮೃದಂಗ ನುಡಿಸಿದವರು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಎಡಗೈ ಸೋತ ಮೇಲೆ ಮೃದಂಗ ಬೀರುವಿನ ಮೇಲೆ ಹೋಗಿತ್ತು. ಅದರ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು.

‘ಏನೋ ಹಾಕಿದೀಯ ಅದಕ್ಕೆ?’ ಅಂದರು. ಸ್ಪಂಜು ತೋರಿಸಿದೆ. ನಕ್ಕರು. ‘ನಾವು ಎಡಗಡೆಗೆ ರವೆ ಮೆತ್ತಲ್ವಾ, ಅದೇ ಕಣೋ ಇದು. ಬರೀ ಚರ್ಮ ಡಬಡಬ ಅನ್ನುತ್ತೆ. ರವೆ ಬಿದ್ರೆ ಗುಂ ಅನ್ನುತ್ತೆ.’

ಇಂಜಿನಿಯರಿಂಗ್ ಓದಿದ ನನಗೆ ಅದು ಹೊಳೆದೇ ಇರಲಿಲ್ಲ. ರವೆಯ ಭಾರ ಚರ್ಮದ ಕಂಪನವನ್ನು ನಿಧಾನ ಮಾಡಿ ಸ್ವರ ಇಳಿಸುತ್ತೆ, ಜೊತೆಗೆ ಕರ್ಕಶವನ್ನೂ ಅಡಗಿಸುತ್ತೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಕೆಳಗಿಳಿಸು’ ಅಂದರು.

‘ಎಡಗೈ...’ ಅಂತ ತಡವರಿಸಿದೆ.

‘ಎಡಗೈ ಕೆಲಸ ನಿನ್ನ ಗಿಟಾರ್ ನೋಡ್ಕೊಳ್ಳಲಿ. ಬಲಗೈ ನಂದು.’

ಆದಿತಾಳ. ಅವರು ಬಲಗಡೆ ನುಡಿಸಿದರು, ಎಡಗಡೆಯ ಗುಮುಕಿಯ ಜಾಗದಲ್ಲಿ ನಾನು ತಂತಿ ಮೀಟಿದೆ. ಎರಡು ಸಲ ತಾಳ ತಪ್ಪಿದ್ದು ನಾನೇ, ಬೈಸಿಕೊಂಡಿದ್ದೂ ನಾನೇ. ನಾಲ್ಕು ನಿಮಿಷದ ಆ ರೆಕಾರ್ಡಿಂಗಿನಲ್ಲಿ ಅಡುಗೆಮನೆಯ ಕುಕ್ಕರ್ ವಿಷಲ್ಲೂ ಸೇರಿದೆ. ತೆಗೆಯಬಹುದಿತ್ತು, ತೆಗೆದಿಲ್ಲ.

ಈಗ ಪ್ರತಿ ಭಾನುವಾರ ಮೃದಂಗ ಇಳಿಯುತ್ತೆ. ಅಮ್ಮ ಅಂಗಡಿಯಿಂದ ಸ್ಪಂಜು ಎರಡೆರಡು ತರ್ತಾರೆ.